ಹಣತೆಯನ್ನು ತಿರುಗಿಸಿ ನೋಡಿ

(ಮಡಿಕೇರಿಯಲ್ಲಿ ಸ್ಥಳೀಯ ಇತಿಹಾಸದ ಬಗ್ಗೆ ಆಸಕ್ತಿ ಇರುವವರು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ ಇದು. ಅವತ್ತು ಹೊತ್ತು ಸಾಲದೆ ಬಿಟ್ಟಿದ್ದ ಒಂದೆರಡು ವಿವರ ಸೇರಿಸಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವು ಇವೆ.)

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ತುಂಬಾ ಸಂತೋಷ.

ಪರದೆಯ ಮೇಲೆ ಕಾಣುತ್ತಿರುವುದು ಒಂದು ಮಣ್ಣಿನ ದೀಪ. ರೋಮನ್ನರ ಕಾಲದ್ದು, ಕ್ರಿಸ್ತಶಕ ಒಂದನೇ ಶತಮಾನದ್ದು. ಈ ಬಗೆಯ ದೀಪಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ, ಯುರೋಪಿನ ಇನ್ನೂ ಹಲವು ವಸ್ತುಸಂಗ್ರಹಾಲಯಗಳಲ್ಲಿವೆ. ಪರದೆಯಲ್ಲಿ ಬಾಗಿಲಷ್ಟು ದೊಡ್ಡದಾಗಿ ಕಾಣುತ್ತಿದೆ. ನಿಜವಾಗಿ ಅಂಗೈ ಮೇಲೆ ಕೂರುವಷ್ಟೇ ಇರುತ್ತದೆ.

ಮೊದಲು ಸುಮ್ನೆ ನೋಡೋಣ. ನಮ್ಮ ಹಣತೆಯ ಹಾಗೆ ಮೇಲೆ ತೆರೆದುಕೊಂಡಿಲ್ಲ, ಮುಚ್ಚಿಕೊಂಡಿದೆ. ದುಂಡನೆಯ ಒಡಲು. ಮೇಲ್ಭಾಗ ಸ್ವಲ್ಪ ತಗ್ಗಾಗಿರುವ ಒಂದು ತಟ್ಟೆ. ತಟ್ಟೆಯಲ್ಲಿ ಕಿರುಬೆರಳ ತುದಿ ಹೋಗುವಷ್ಟು ತೂತು, ಅದು ಎಣ್ಣೆ ಹೊಯ್ಯಲು. ಒಂದು ಕಡೆ ಮೂತಿ ಮುಂದೆ ಚಾಚಿದೆ, ಅದರ ತುದಿಯಲ್ಲಿ ಇನ್ನೊಂದು ತೂತು. ಬತ್ತಿ ಬರುವುದು ಅಲ್ಲಿ. ಇಷ್ಟೇ ದೀಪ.

ಈಗ ತಟ್ಟೆಯ ಮೇಲಿನ ಚಿತ್ರ. ರೆಕ್ಕೆ ಇರುವ ಹೆಂಗಸೊಬ್ಬಳು ನಿಂತಿದ್ದಾಳೆ. ರೋಮನ್ನರ ವಿಜಯದೇವತೆ ಅವಳು, ಹೆಸರು ವಿಕ್ಟೋರಿಯಾ. ಕೈಯಲ್ಲಿ ದುಂಡು ಗುರಾಣಿ, ಗುರಾಣಿಯ ಮೇಲೆ ಪುಟ್ಟ ಪುಟ್ಟ ಲ್ಯಾಟಿನ್ ಅಕ್ಷರ. ಹೊಸ ವರ್ಷ ಶುಭವಾಗಲಿ, ಸುಖವಾಗಲಿ ಅಂತ ಅದರ ಅರ್ಥ. ಅವಳ ಸುತ್ತ ಖಾಲಿ ಜಾಗ ಬಿಟ್ಟಿಲ್ಲ. ನಾಣ್ಯಗಳಿವೆ, ಅಂಜೂರ ಇದೆ, ಖರ್ಜೂರ ಇದೆ. ಒಂದು ನಾಣ್ಯದ ಮೇಲೆ ಹಿಂದಕ್ಕೊಂದು ಮುಂದಕ್ಕೊಂದು ಮುಖ ಇರುವ ಜೇನಸ್ ದೇವರು. ಜನವರಿ ತಿಂಗಳಿಗೆ ಹೆಸರು ಬಂದಿದ್ದು ಆ ದೇವರಿಂದಲೇ. ವರ್ಷದ ಮೊದಲ ದಿನ ರೋಮನ್ನರು ಒಬ್ಬರಿಗೊಬ್ಬರು ಅಂಜೂರ, ಖರ್ಜೂರ, ಜೇನುತುಪ್ಪ, ನಾಣ್ಯ ಕೊಡುತ್ತಿದ್ದರು. ವರ್ಷವೆಲ್ಲ ಸಿಹಿಯಾಗಿರಲಿ, ಕೈಯಲ್ಲಿ ಕಾಸಿರಲಿ ಅಂತ. ಅದನ್ನೆಲ್ಲ ಅಚ್ಚೊತ್ತಿ ಮಾಡಿದ ದೀಪ ಇದು. ಹಬ್ಬದ ಉಡುಗೊರೆ.

ಸುಗ್ಗಿಯ ಹಬ್ಬ ಪುತ್ತರಿಯಲ್ಲಿ ದೀಪ ಹಿಡಿದು ಗದ್ದೆಗೆ ಹೋಗಿ ಕದಿರು ತರುವ ನಿಮಗೆ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ. ಹೊಸತು ಬರುವಾಗ ಮುಂದೆ ಬೆಳಕಿರಬೇಕು ಅನ್ನುವುದು ಅವರಿಗೂ ಗೊತ್ತಿತ್ತು.

ಮ್ಯೂಸಿಯಂಗೆ ಹೋದವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತಾರೆ. ಚಿತ್ರ ನೋಡುತ್ತಾರೆ, ಚೆನ್ನಾಗಿದೆ ಅನ್ನುತ್ತಾರೆ, ಮುಂದಿನ ಗಾಜಿನ ಪೆಟ್ಟಿಗೆಗೆ ಹೋಗುತ್ತಾರೆ. ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಚಿತ್ರದ ಆಚೆಗಿನದು. ದೀಪದ ಅಂಚು, ಮೂತಿ, ತಳ ಮತ್ತು ಅದು ಸಿಕ್ಕ ಜಾಗ. ಈ ನಾಲ್ಕರಲ್ಲಿ ಕೊನೆಯದು ಹೋದರೆ ಉಳಿದ ಮೂರರ ಬೆಲೆ ಅರ್ಧಕ್ಕರ್ಧ ಇಳಿಯುತ್ತದೆ. ಅದನ್ನು ಕೊಡಗಿನಲ್ಲಿ ನಿಂತು ಹೇಳಲು ಕಾರಣ ಇದೆ, ಆಮೇಲೆ ಬರುತ್ತೇನೆ.

ಅಂಚಿನಿಂದ ಶುರು ಮಾಡೋಣ.

ದೀಪದ ಪಕ್ಕವನ್ನು ಬೆಳಕಿಗೆ ಹಿಡಿದರೆ ಮಧ್ಯದಲ್ಲಿ ಸುತ್ತಲೂ ಒಂದು ತೆಳು ಗೆರೆ ಕಾಣುತ್ತದೆ. ಕೆಲವು ಕಡೆ ಚಾಕುವಿನಿಂದ ಕೆರೆದು ನಯ ಮಾಡಿರುತ್ತಾರೆ, ಕೆಲವು ಕಡೆ ಹಾಗೇ ಬಿಟ್ಟಿರುತ್ತಾರೆ. ಮೇಲಿನ ಅರ್ಧ, ಕೆಳಗಿನ ಅರ್ಧ ಬೇರೆ ಬೇರೆ ಮಾಡಿ ಕೂಡಿಸಿದ್ದಾರೆ ಅನ್ನುವುದಕ್ಕೆ ಅದೇ ಗುರುತು. ಸಂಕ್ರಾಂತಿಯ ಸಕ್ಕರೆ ಅಚ್ಚಿನ ಮರದ ಹಲಗೆಗಳನ್ನು ನೋಡಿದ್ದೀರಲ್ಲ, ಎರಡು ಹಲಗೆ ಸೇರಿಸಿ ಕಟ್ಟಿ ಪಾಕ ಹೊಯ್ಯುವುದು? ಹೆಚ್ಚುಕಡಿಮೆ ಅದೇ ಉಪಾಯ. ಇಲ್ಲಿ ಪಾಕದ ಬದಲು ಹದ ಮಾಡಿದ ಜೇಡಿಮಣ್ಣು.

ಮೊದಲು ಒಬ್ಬ ನುರಿತ ಕೆಲಸಗಾರ ಒಂದು ಮಾದರಿ ದೀಪ ಮಾಡುತ್ತಾನೆ. ಅದರ ಮೇಲೆ ಜಿಪ್ಸಮ್ಮಿನ ಗಾರೆ ಅಥವಾ ಜೇಡಿಮಣ್ಣು ಒತ್ತಿ ಎರಡು ಭಾಗದ ಅಚ್ಚು ತೆಗೆಯುತ್ತಾರೆ. ಆಮೇಲೆ ಮಣ್ಣಿನ ತೆಳು ಹಾಳೆಯನ್ನು ಒಂದೊಂದು ಅಚ್ಚಿಗೂ ಬೆರಳಿನಿಂದ ಒತ್ತಬೇಕು. ಅಂಚಿಗೆ ನೀರುಮಣ್ಣು ಬಳಿದು ಎರಡನ್ನೂ ಕೂಡಿಸಿ ಇಡಬೇಕು. ಮಣ್ಣು ಆರುತ್ತಾ ಆರುತ್ತಾ ಕುಗ್ಗುತ್ತದೆ, ತಾನಾಗಿ ಅಚ್ಚಿನಿಂದ ಬಿಡುತ್ತದೆ. ಹೊರಗೆ ತೆಗೆದು ಎಣ್ಣೆಯ ತೂತು, ಬತ್ತಿಯ ತೂತು ಕೊರೆಯುತ್ತಾರೆ. ನೀರುಮಣ್ಣಿನಲ್ಲಿ ಒಮ್ಮೆ ಅದ್ದಿ ಒಣಗಿಸಿ ಸುಡುತ್ತಾರೆ. ಹೀಗೆ ಅದ್ದಿದ್ದರಿಂದಲೇ ಮೇಲೆ ಕೆಂಪೋ ಕಂದೋ ಹೊಳಪು ಬರುವುದು, ಎಣ್ಣೆ ಸೋರುವುದು ಕಮ್ಮಿಯಾಗುವುದು.

ಚಿತ್ರವನ್ನು ಇನ್ನೂ ದೊಡ್ಡದು ಮಾಡುತ್ತೇನೆ. ಇಂಥ ದೀಪಗಳ ಮೈಮೇಲೆ ಒಮ್ಮೊಮ್ಮೆ ಸಾಸಿವೆಗಿಂತ ಸಣ್ಣ ಗುಳ್ಳೆ ಗುಳ್ಳೆ ಉಬ್ಬು ಕಾಣುತ್ತವೆ. ಅದು ಅಲಂಕಾರ ಅಲ್ಲ. ಗಾರೆಯ ಅಚ್ಚು ಮಾಡುವಾಗ ಅದರಲ್ಲಿ ಗಾಳಿಯ ಗುಳ್ಳೆ ಸೇರಿಕೊಂಡು ಪುಟ್ಟ ಕುಳಿಗಳಾಗುತ್ತವೆ. ಮಣ್ಣು ಒತ್ತಿದಾಗ ಆ ಕುಳಿಗಳೊಳಗೆ ಹೋಗಿ ಉಬ್ಬಾಗಿ ಬರುತ್ತದೆ. ಅಚ್ಚು ಯಾವಾಗಲೋ ಪುಡಿಯಾಗಿ ಹೋಯಿತು. ಆದರೂ ಅದು ಗಾರೆಯದ್ದೇ ಅಂತ ಈ ಗುಳ್ಳೆ ಇವತ್ತಿಗೂ ಹೇಳುತ್ತದೆ. ಅಂಥ ಒಂದು ಗುಳ್ಳೆ ನೋಡಿದರೆ ನನಗೆ ಮೈ ಜುಂ ಅನ್ನುತ್ತದೆ. ದೇವತೆಯ ಚಿತ್ರ ಯಾರಾದರೂ ಬೇಕೆಂದೇ ಮಾಡಿದ್ದು. ಗುಳ್ಳೆ ಯಾರೂ ಬೇಕೆಂದು ಮಾಡಿದ್ದಲ್ಲ.

ಅಚ್ಚಿನ ಕೆಲಸ ಗ್ರೀಕರ ಕಡೆ ಕ್ರಿ.ಪೂ. ಮೂರನೇ ಶತಮಾನದಲ್ಲಿ ಚಾಲ್ತಿಗೆ ಬಂತು. ಅದಕ್ಕೆ ಮೊದಲು ತಿಗರಿಯ ಮೇಲೆ ಮಾಡುತ್ತಿದ್ದರು. ಅದಕ್ಕೂ ಮೊದಲು ಬರೀ ಬಟ್ಟಲು. ಪ್ಯಾಲೆಸ್ಟೈನ್, ಸಿರಿಯಾ ಕಡೆ 4,000 ವರ್ಷಕ್ಕೂ ಹಿಂದೆ ಬಟ್ಟಲಿನ ಅಂಚನ್ನು ನಾಲ್ಕು ಕಡೆ ಚಿವುಟಿ ನಾಲ್ಕು ಬತ್ತಿ ಇಡುತ್ತಿದ್ದರು. ಆಮೇಲೆ ಒಂದೇ ಕಡೆ ಚಿವುಟುವುದು ರೂಢಿಗೆ ಬಂತು. ಇನ್ನೂ ಹಿಂದಕ್ಕೆ ಹೋದರೆ ಕಲ್ಲು. ಫ್ರಾನ್ಸಿನ ಲಾಸ್ಕೊ ಗುಹೆಯಲ್ಲಿ 1960ರಲ್ಲಿ ಕೆಂಪು ಮರಳುಗಲ್ಲಿನ ದೀಪವೊಂದು ಸಿಕ್ಕಿತು. ಉದ್ದನೆಯ ಹಿಡಿ, ತುದಿಯಲ್ಲಿ ಕೊಬ್ಬು ಇಡಲು ಕುಳಿ. ಸುಮಾರು 17,000 ವರ್ಷ ಹಳೆಯದು. ಗೋಡೆಯ ಮೇಲೆ ಗೂಳಿ, ಕುದುರೆ ಬರೆದವರ ಕೈಯಲ್ಲಿದ್ದ ಬೆಳಕು ಅಂಥದ್ದು.

ಮತ್ತೆ ರೋಮನ್ನರಿಗೆ ಬರೋಣ. ಅಚ್ಚು ಬಂದ ಮೇಲೆ ದೀಪ ಅಗ್ಗವಾಯಿತು, ನಕಲೂ ಸುಲಭವಾಯಿತು. ಪೇಟೆಯಿಂದ ಒಂದು ದೀಪ ತಂದು ಅದರ ಮೇಲೇ ಅಚ್ಚು ತೆಗೆದರೆ ಮುಗಿಯಿತು, ಮಾದರಿ ಮಾಡುವವನಿಗೆ ಕೂಲಿ ಕೊಡಬೇಕಿಲ್ಲ. ಆದರೆ ಮಣ್ಣು ಒಣಗುವಾಗಲೂ ಸುಡುವಾಗಲೂ ಕುಗ್ಗುತ್ತದೆ. ಹಾಗಾಗಿ ನಕಲು ಅಸಲಿಗಿಂತ ಸಣ್ಣದು. ನಕಲಿನ ನಕಲು ಇನ್ನೂ ಸಣ್ಣದು, ಗೆರೆಗಳು ಮಸುಕು. ಒಂದೇ ಚಿತ್ರದ ನಾಲ್ಕೈದು ದೀಪ ಸಾಲಾಗಿ ಇಟ್ಟು ಅಳೆದರೆ ಯಾವುದು ಅಜ್ಜ, ಯಾವುದು ಮೊಮ್ಮಗ ಅಂತ ಹೇಳಿಬಿಡಬಹುದು.

ಇದಕ್ಕೆ ಒಳ್ಳೆಯ ಉದಾಹರಣೆ ಫೋರ್ಟಿಸ್ ದೀಪಗಳು. ಈಗ ತಳ ತಿರುಗಿಸಿ ನೋಡುವ ಸರದಿ. ಉತ್ತರ ಇಟಲಿಯ ಮೊಡೆನಾ ಊರಿನಲ್ಲಿ ಒಂದನೇ ಶತಮಾನದಲ್ಲಿ ಈ ಹೆಸರಿನ ಕಾರ್ಖಾನೆ ಇತ್ತು. ಅಲ್ಲಿನ ದೀಪಗಳಿಗೆ ಚಿತ್ರದ ಸಡಗರ ಇಲ್ಲ. ಗಟ್ಟಿಮುಟ್ಟಾದ ಒಡಲು, ತಳದಲ್ಲಿ ಎದ್ದು ಕಾಣುವ ಅಕ್ಷರದಲ್ಲಿ ಫೋರ್ಟಿಸ್ ಅಂತ ಹೆಸರು. ಅದೇ ಹೆಸರಿನ ದೀಪಗಳು ಫ್ರಾನ್ಸಿನಲ್ಲಿ ಸಿಕ್ಕಿವೆ, ಜರ್ಮನಿಯಲ್ಲಿ ಸಿಕ್ಕಿವೆ, ಡ್ಯಾನ್ಯೂಬ್ ನದಿಯ ದಡದಲ್ಲೂ ಸಿಕ್ಕಿವೆ. ಎಷ್ಟೋ ದೀಪಗಳ ಮಣ್ಣು ಮೊಡೆನಾದ್ದಲ್ಲ, ಆಯಾ ಊರಿನದು. ಹೆಸರಿನ ಸಮೇತ ನಕಲು ಮಾಡಿದ್ದಾರೆ! ಹೆಸರಿದ್ದರೆ ಮಾರಾಟ ಆಗುತ್ತಿತ್ತು ಅಂತ ಕಾಣುತ್ತದೆ. 2008ರಲ್ಲಿ ಮೊಡೆನಾದಲ್ಲೇ ರೋಮನ್ ಕಾಲದ ಕಸದ ಗುಂಡಿಯೊಂದನ್ನು ಅಗೆದಾಗ ಈ ಹೆಸರಿನ ದೀಪಗಳು, ಇನ್ನೂ ಬೇರೆ ತಯಾರಕರ ಹೆಸರಿನ ದೀಪಗಳು ಸಿಕ್ಕವು. ಮೂಲ ಊರು ಯಾವುದು ಅನ್ನುವುದಕ್ಕೆ ಅದು ದೊಡ್ಡ ಸಾಕ್ಷಿ.

ಮುಂದಿನದು ನನಗೆ ತುಂಬಾ ಇಷ್ಟವಾದ ಸಂಗತಿ. ಪೊಂಪೆಯ್ ಊರು ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಮುಚ್ಚಿಹೋಗಿದ್ದು ನಿಮಗೆಲ್ಲ ಗೊತ್ತು. 1881ರಲ್ಲಿ ಅಲ್ಲಿನ ಒಂದು ಮನೆಯಲ್ಲಿ ಮರದ ಪೆಟ್ಟಿಗೆಯ ಸರಕು ಸಿಕ್ಕಿತು. ಒಳಗೆ ದಕ್ಷಿಣ ಫ್ರಾನ್ಸಿನಲ್ಲಿ ಮಾಡಿದ 90 ಕೆಂಪು ಬಟ್ಟಲುಗಳು, ಉತ್ತರ ಇಟಲಿಯ 37 ದೀಪಗಳು. ಎಲ್ಲ ಹೊಸವು. ಒಂದನ್ನೂ ಬಳಸಿರಲಿಲ್ಲ. ಊರೇ ಮುಗಿದುಹೋಗುವ ಹೊತ್ತಿಗೆ ಬಂದಿಳಿದ ಸರಕು, ಬಿಚ್ಚಿ ಜೋಡಿಸಲೂ ಸಮಯ ಸಿಕ್ಕಿರಲಿಲ್ಲ. ಫ್ರಾನ್ಸಿನ ಬಟ್ಟಲೂ ಇಟಲಿಯ ದೀಪವೂ ಒಂದೇ ಪೆಟ್ಟಿಗೆಯಲ್ಲಿ ಹೇಗೆ ಬಂದವು? ದಾರಿಯಲ್ಲಿ ಯಾವುದೋ ವ್ಯಾಪಾರಿ ಎರಡನ್ನೂ ಕೂಡಿಸಿ ಕಳಿಸಿರಬೇಕು. ಆ ಪೆಟ್ಟಿಗೆ ಚೆದುರಿಹೋಗಿ ಬಟ್ಟಲೊಂದು ಕಡೆ, ದೀಪವೊಂದು ಕಡೆ ಮಾರಾಟವಾಗಿದ್ದರೆ ಈ ವ್ಯಾಪಾರದ ಸುಳಿವೇ ನಮಗೆ ಸಿಗುತ್ತಿರಲಿಲ್ಲ.

ಕರಿಮೆಣಸು ಬೆಳೆಯುವವರು ಇಲ್ಲಿ ಬಹಳ ಜನ ಇದ್ದೀರಿ, ಅದಕ್ಕೆ ಒಂದು ಮಾತು. ಈ ದೀಪ ಹಚ್ಚಿ ಊಟಕ್ಕೆ ಕೂತ ರೋಮನ್ನನ ಅಡುಗೆಗೆ ಬೀಳುತ್ತಿದ್ದ ಮೆಣಸು ನಮ್ಮ ಪಶ್ಚಿಮ ಘಟ್ಟದ ಕಾಡಿನದು. ಕೇರಳದ ಕರಾವಳಿಯ ಮುಚಿರಿ ಬಂದರಿನಿಂದ ಹಡಗು ಹತ್ತಿ ಹೋಗುತ್ತಿತ್ತು. ಈಜಿಪ್ಟಿನಲ್ಲಿ ಕೆಂಪು ಸಮುದ್ರದ ದಡದ ಬೆರೆನಿಕೆ ಅನ್ನುವ ಬಂದರಿನ ದೇವಸ್ಥಾನದಲ್ಲಿ ಏಳೂವರೆ ಕಿಲೋ ಕರಿಮೆಣಸು ಸಿಕ್ಕಿದೆ. ತುಂಬಿಟ್ಟಿದ್ದು ಭಾರತದಲ್ಲಿ ಮಾಡಿದ ದೊಡ್ಡ ಮಣ್ಣಿನ ಜಾಡಿಯಲ್ಲಿ. ಒಂದೇ ಶತಮಾನ, ಒಂದೇ ಜನ. ದೂರದ ವಸ್ತುವಿನ ಬಗ್ಗೆ ಮಾತಾಡುತ್ತಿದ್ದೇವೆ ಅಂತ ಅಂದುಕೊಳ್ಳಬೇಡಿ.

ಇನ್ನು ಮೂತಿ. ಇಲ್ಲಿ ಮಸಿ ಇದೆಯಾ, ಇಲ್ಲವಾ? ಅದು ಮೊದಲ ಪ್ರಶ್ನೆ.

ಮಸಿ ಇದ್ದರೆ ಉರಿದ ದೀಪ. ಮೂತಿಯ ಒಂದೇ ಪಕ್ಕಕ್ಕೆ ಮಸಿ ಜಾಸ್ತಿ ಇದ್ದರೆ ಬತ್ತಿ ಆ ಕಡೆಗೆ ವಾಲುತ್ತಿತ್ತು, ಇಲ್ಲವೇ ಗಾಳಿ ಒಂದೇ ಕಡೆಯಿಂದ ಬೀಸುತ್ತಿತ್ತು. ಮಸಿಯೇ ಇಲ್ಲದಿದ್ದರೆ ಮಾರಾಟವಾಗದೆ ಉಳಿದದ್ದಿರಬಹುದು, ಅಥವಾ ಸತ್ತವರ ಜೊತೆ ಗೋರಿಯಲ್ಲಿ ಇಟ್ಟದ್ದಿರಬಹುದು. ರೋಮನ್ನರು ಗೋರಿಗಳಲ್ಲಿ ದೀಪ ಇಡುತ್ತಿದ್ದರು, ಅದರಲ್ಲಿ ಎಷ್ಟೋ ಹೊಸ ದೀಪಗಳು. ಗಾಜಿನ ಪೆಟ್ಟಿಗೆಯ ಮುಂದೆ ನಿಂತಾಗ ದಯವಿಟ್ಟು ಮೂತಿಯನ್ನು ನೋಡಿ. ಸೊಗಸಾದ ಚಿತ್ರ ಇದ್ದು ಮಸಿ ಇಲ್ಲದ ದೀಪಕ್ಕಿಂತ, ಚಿತ್ರವೇ ಇಲ್ಲದೆ ಮೂತಿ ಕರಕಲಾಗಿರುವ ದೀಪ ನನಗೆ ಹೆಚ್ಚು ಬೇಕಾದದ್ದು. ಯಾರೋ ದಿನಾ ಸಂಜೆ ಅದರ ಹತ್ತಿರ ಬಂದಿದ್ದಾರೆ.

ಒಳಗೆ ಏನು ಉರಿಯುತ್ತಿತ್ತು? ಇಟಲಿ, ಗ್ರೀಸ್ ಕಡೆ ಹೆಚ್ಚಾಗಿ ಆಲಿವ್ ಎಣ್ಣೆ. ಈಜಿಪ್ಟಿನಲ್ಲಿ ಹರಳೆಣ್ಣೆ. ಕ್ರಿ.ಪೂ. ಐದನೇ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಇದನ್ನು ಬರೆದಿಟ್ಟಿದ್ದಾನೆ, ದೀಪಕ್ಕೆ ಚೆನ್ನಾಗಿದೆ ಆದರೆ ವಾಸನೆ ಜಾಸ್ತಿ ಅನ್ನುವುದನ್ನೂ ಬಿಡದೆ. ಅವನ ಮಾತನ್ನು ಈಗ ಪರೀಕ್ಷೆ ಮಾಡಿ ನೋಡಬಹುದು. ಮಣ್ಣಿನ ದೀಪ ಎಣ್ಣೆ ಹೀರಿಕೊಳ್ಳುತ್ತದೆ. ಸಾವಿರ ವರ್ಷ ಕಳೆದರೂ ಅದರ ಅಂಶ ಮಣ್ಣಿನ ಸಂದಿಯಲ್ಲಿ ಉಳಿದಿರುತ್ತದೆ. ಚೂರು ಮಣ್ಣು ಕೆರೆದು ಪ್ರಯೋಗಾಲಯದಲ್ಲಿ ಬೇರ್ಪಡಿಸಿದರೆ ಯಾವ ಎಣ್ಣೆ, ಯಾವ ಕೊಬ್ಬು ಅಂತ ಗೊತ್ತಾಗುತ್ತದೆ. ದಕ್ಷಿಣ ಈಜಿಪ್ಟಿನ ಕಸ್ರ್ ಇಬ್ರಿಮ್ ಅನ್ನುವ ಜಾಗದ ದೀಪಗಳನ್ನು ಹೀಗೆ ನೋಡಿದಾಗ ಹರಳೆಣ್ಣೆ ಸಿಕ್ಕಿತು, ಮೂಲಂಗಿಯ ಜಾತಿಯ ಬೀಜದ ಎಣ್ಣೆ ಸಿಕ್ಕಿತು, ಪ್ರಾಣಿಯ ಕೊಬ್ಬೂ ಸಿಕ್ಕಿತು. ಕೈಗೆ ಏನು ಸಿಗುತ್ತದೋ ಅದನ್ನು ಉರಿಸಿದ್ದಾರೆ.

ಅದಕ್ಕೇ ಹಳೆಯ ಮಣ್ಣಿನ ವಸ್ತುವನ್ನು ತೊಳೆಯಬೇಡಿ ಅಂತ ನಾವು ಪದೇಪದೇ ಹೇಳುವುದು. ಸೋಪು ಹಾಕಿ ಉಜ್ಜಿದರೆ ವಸ್ತು ಚೊಕ್ಕಟವಾಗುತ್ತದೆ, ಒಳಗಿದ್ದ ಉತ್ತರ ಚರಂಡಿಗೆ ಹೋಗುತ್ತದೆ.

ರೋಮನ್ನರು ಮುಚ್ಚಿದ ದೀಪ ಮಾಡಿದರು, ನಾವು ಯಾಕೆ ಇವತ್ತಿಗೂ ತೆರೆದ ಹಣತೆಯಲ್ಲೇ ಇದ್ದೇವೆ? ನಮ್ಮ ಕುಂಬಾರರಿಗೆ ಬರುತ್ತಿರಲಿಲ್ಲವಾ ಅಂತ ಕೇಳುವವರಿದ್ದಾರೆ. ಈ ಪ್ರಶ್ನೆಗೆ ನನ್ನ ಉತ್ತರ ಖಡಾಖಂಡಿತ. ಬರುತ್ತಿತ್ತು, ಬೇಕಾಗಿರಲಿಲ್ಲ. ಮುಚ್ಚಿದ ದೀಪಕ್ಕೆ ಯಾವಾಗಲೂ ತಿಳಿಯಾಗಿ ಹರಿಯುವ ಎಣ್ಣೆ ಬೇಕು. ನಮ್ಮಲ್ಲಿ ತುಪ್ಪದ ದೀಪ ಹಚ್ಚುತ್ತೇವೆ, ತೆಂಗಿನೆಣ್ಣೆಯ ದೀಪ ಹಚ್ಚುತ್ತೇವೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಗಟ್ಟಿಯಾಗುತ್ತದೆ. ಮಡಿಕೇರಿಯ ಚಳಿಗೆ ಬಾಟಲಿಯಿಂದ ಎಣ್ಣೆ ಬೀಳುವುದೇ ಇಲ್ಲ, ಒಲೆಯ ಹತ್ತಿರ ಇಡಬೇಕು. ಅಂಥ ಎಣ್ಣೆಯನ್ನು ಕಿರುಬೆರಳ ತೂತಿನಲ್ಲಿ ಹೊಯ್ಯುವುದು ಹೇಗೆ? ತೆರೆದ ಹಣತೆಯಾದರೆ ಬೆರಳಿನಿಂದ ಬಳಿದು ಹಾಕಿದರೂ ಆಯಿತು, ಉರಿಯ ಬಿಸಿಗೆ ತಾನೇ ಕರಗುತ್ತದೆ. ಒರೆಸುವುದೂ ಸುಲಭ. ಆಕಾರ ನೋಡಿ ಯಾರು ಮುಂದೆ, ಯಾರು ಹಿಂದೆ ಅಂತ ತೀರ್ಮಾನ ಮಾಡಬಾರದು. ಮೊದಲು ಎಣ್ಣೆ ಯಾವುದು ಅಂತ ಕೇಳಬೇಕು.

ಈಗ ಸಿಕ್ಕ ಜಾಗದ ವಿಷಯ. ಇದನ್ನು ಹೇಳುವುದಕ್ಕೇ ನಾನು ಬಂದಿದ್ದು.

ಯುರೋಪಿನ ಹಳೆಯ ಮ್ಯೂಸಿಯಂಗಳಲ್ಲಿರುವ ಮಣ್ಣಿನ ದೀಪಗಳಲ್ಲಿ ಎಷ್ಟೋ 18, 19ನೇ ಶತಮಾನದ ಶ್ರೀಮಂತರು ರೋಮ್, ನೇಪಲ್ಸ್ ಊರುಗಳಲ್ಲಿ ಕೊಂಡು ತಂದವು. ಅಂಗಡಿಯವನು ಎಲ್ಲಿಂದ ತಂದ ಅಂತ ಅವರು ಕೇಳಲಿಲ್ಲ, ಕೇಳಿದ್ದರೂ ಅವನು ನಿಜ ಹೇಳುತ್ತಿರಲಿಲ್ಲ. ಅಂಥ ದೀಪದ ಪಕ್ಕದ ಚೀಟಿಯಲ್ಲಿ ಇಟಲಿ, ಒಂದನೇ ಶತಮಾನ ಅಂತ ಇರುತ್ತದೆ. ಅಷ್ಟೇ. ಮನೆಯದೋ, ಗೋರಿಯದೋ, ಗುಡಿಯದೋ ಗೊತ್ತಾಗುವುದಿಲ್ಲ. ಕಾಲವನ್ನು ಹೇಗೋ ಕಂಡುಹಿಡಿಯಬಹುದು. ಆಕಾರದ ಮೇಲೆ ಪಟ್ಟಿ ಮಾಡಿದವರಿದ್ದಾರೆ. ಸ್ವಿಟ್ಜರ್ಲೆಂಡಿನ ವಿಂಡೊನಿಸ್ಸಾ ಅನ್ನುವ ರೋಮನ್ ಸೇನಾ ಶಿಬಿರದ ದೀಪಗಳನ್ನು ಸೀಗ್‌ಫ್ರೀಡ್ ಲ್ಯೋಶ್ಕೆ 1919ರಲ್ಲಿ ವಿಂಗಡಿಸಿದ. ಆ ವಿಂಗಡಣೆ ಇವತ್ತಿಗೂ ಚಾಲ್ತಿಯಲ್ಲಿದೆ. ಸುಟ್ಟ ಮಣ್ಣಿನ ಹರಳುಗಳಲ್ಲಿ ಕೂಡಿಕೊಂಡಿರುವ ಶಕ್ತಿಯನ್ನು ಅಳೆದು, ಅದು ಕೊನೆಯ ಸಲ ಕಾದು ಎಷ್ಟು ಕಾಲವಾಯಿತು ಅಂತ ಲೆಕ್ಕ ಹಾಕುವ ವಿಧಾನವೂ ಇದೆ. ಆದರೆ ಯಾವ ಯಂತ್ರವೂ ಇದು ಯಾರ ಮನೆಯ ದೀಪ ಅಂತ ಹೇಳಲಾರದು.

ಜಾಗ ಗೊತ್ತಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ. ಯೇಸು ಬದುಕಿದ್ದ ಕಾಲದಲ್ಲಿ ಜೆರುಸಲೇಮ್ ಸುತ್ತಮುತ್ತ ಒಂದು ಬಗೆಯ ಸಾದಾ ದೀಪ ಬಳಕೆಯಲ್ಲಿತ್ತು. ತಿಗರಿಯ ಮೇಲೆ ಮಾಡಿದ ಒಡಲು, ಚಾಕುವಿನಿಂದ ಹೆರೆದು ಅಂಟಿಸಿದ ಮೂತಿ. ಚಿತ್ರವಿಲ್ಲ, ಹೆಸರಿಲ್ಲ. ನೋಡಿದರೆ ಎರಡನೇ ಸಲ ತಿರುಗಿ ನೋಡುವಂಥದ್ದಲ್ಲ. ಇಂಥ ದೀಪಗಳ ಮಣ್ಣನ್ನು ಪರೀಕ್ಷಿಸಿ 2008ರಲ್ಲಿ ಒಂದು ಅಧ್ಯಯನ ಹೊರಬಂತು. ಗಲಿಲೀ ಕಡೆಯ ಯಹೂದಿ ಊರುಗಳಲ್ಲಿ ಸಿಕ್ಕ ದೀಪಗಳಲ್ಲಿ ಹೆಚ್ಚಿನವು ಜೆರುಸಲೇಮಿನ ಮಣ್ಣಿನವು. ಜೆರುಸಲೇಮಿನಿಂದ ಗಲಿಲೀಗೆ 100 ಕಿಲೋಮೀಟರಿಗೂ ಜಾಸ್ತಿ. ಅದೇ ಸೀಮೆಯ ಬೇರೆ ಧರ್ಮದವರ ಊರುಗಳಲ್ಲಿ ಅದೇ ಆಕಾರದ ದೀಪಗಳು ಹೆಚ್ಚಾಗಿ ಸ್ಥಳೀಯ ಮಣ್ಣಿನವು. ತಮ್ಮೂರಲ್ಲೇ ಕುಂಬಾರರಿದ್ದರೂ ಯಹೂದಿಗಳು ದೇವಾಲಯ ಇರುವ ಊರಿನ ದೀಪವೇ ಬೇಕು ಅಂತ ತರಿಸಿಕೊಂಡಿದ್ದಾರೆ. ಅವರ ಮನಸ್ಸಿನಲ್ಲಿದ್ದ ಒಂದು ಭಕ್ತಿ, ಯಾವ ಗ್ರಂಥದ ನೆರವೂ ಇಲ್ಲದೆ ಬರೀ ಮಣ್ಣಿನಿಂದ ಹೊರಗೆ ಬಂತು. ಇದು ಸಾಧ್ಯವಾಗಿದ್ದು ಪ್ರತಿಯೊಂದು ಚೂರು ಯಾವ ಊರಿನಲ್ಲಿ ಸಿಕ್ಕಿತು ಅಂತ ಬರೆದಿಟ್ಟಿದ್ದರಿಂದ. ಅದೇ ದೀಪಗಳು ಅಂಗಡಿಯಲ್ಲಿ ಬೆರೆತುಹೋಗಿದ್ದರೆ ನೂರು ಪರೀಕ್ಷೆ ಮಾಡಿದರೂ ಪ್ರಯೋಜನ ಇರುತ್ತಿರಲಿಲ್ಲ.

ಈಗ ಕೊಡಗಿಗೆ ಬರುತ್ತೇನೆ.

ನಮ್ಮ ಜಿಲ್ಲೆಯಲ್ಲಿ ಪಾಂಡವರ ಮನೆ, ಪಾಂಡುಪಾರೆ ಅಂತ ಜನ ಕರೆಯುವ ಕಲ್ಲುಗೋರಿಗಳಿವೆ. ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಮುಚ್ಚಿದವು. ಕಬ್ಬಿಣದ ಬಳಕೆ ಶುರುವಾದ ಕಾಲದ ಜನ ಕಟ್ಟಿದವು ಅವು. 19ನೇ ಶತಮಾನದ ಎರಡನೇ ಅರ್ಧದಲ್ಲಿ ಬ್ರಿಟಿಷ್ ಅಧಿಕಾರಿಗಳು ಅಂಥ ಕೆಲವನ್ನು ಅಗೆಸಿದರು. ಮಡಕೆಗಳು, ಮಣಿಗಳು, ಕಬ್ಬಿಣದ ತುಂಡುಗಳು ಸಿಕ್ಕವು. ಕೆಂಪು ಕಪ್ಪು ಎರಡು ಬಣ್ಣದ ಮಡಕೆಗಳು ದಕ್ಷಿಣ ಭಾರತದ ಇಂಥ ಗೋರಿಗಳಲ್ಲೆಲ್ಲ ಸಿಗುತ್ತವೆ. ಒಂದೇ ಮಡಕೆಯ ಒಳಗು, ಬಾಯಿ ಕಪ್ಪು, ಹೊರ ಮೈ ಕೆಂಪು. ಬೋರಲು ಹಾಕಿ ಸುಟ್ಟಿದ್ದರಿಂದ ಒಳಗೆ ಗಾಳಿ ಸಿಗದೆ ಹೀಗಾಗಿದೆ ಅಂತ ತಿಳಿದವರು ಹೇಳುತ್ತಾರೆ.

ಇವತ್ತು ಕೊಡಗಿನಲ್ಲಿ ನೆಲ ಅಗೆಯುವವರು ಇತಿಹಾಸಕಾರರಲ್ಲ, ನಾವು ನೀವು. ಕಾಫಿ ಗಿಡಕ್ಕೆ ಗುಂಡಿ, ನೀರು ಇಂಗಲು ತೊಟ್ಟಿಲು ಗುಂಡಿ, ಕೆರೆಯ ಹೂಳು, ಹೋಂಸ್ಟೇಗೆ ಪಾಯ, ತೋಟದೊಳಗೆ ರಸ್ತೆ. ಗುದ್ದಲಿಯಲ್ಲಿ ಅಗೆಯುವಾಗ ಮಡಕೆ ಚೂರು ಕೈಗೆ ತಾಗುತ್ತಿತ್ತು. ಜೆಸಿಬಿಯ ಬಾಯಿಗೆ ಅದು ಗೊತ್ತಾಗುವುದಿಲ್ಲ. ಅರ್ಧ ಗಂಟೆಯಲ್ಲಿ ಎರಡು ಸಾವಿರ ವರ್ಷ ಮಗುಚಿ ಹಾಕುತ್ತದೆ. ನನಗೆ ಈ ವಿಷಯದಲ್ಲಿ ನಿಜಕ್ಕೂ ಸಂಕಟ ಇದೆ. ಶಿಲ್ಪ ಸಿಕ್ಕರೆ ಊರೆಲ್ಲ ಸುದ್ದಿಯಾಗುತ್ತದೆ, ಪೂಜೆ ಶುರುವಾಗುತ್ತದೆ. ಮಣ್ಣಿನ ಚೂರು ಸಿಕ್ಕರೆ ಕಾಫಿ ಗಿಡದ ಬುಡಕ್ಕೆ ಹೋಗುತ್ತದೆ.

ಹಾಗಾದರೆ ಏನು ಮಾಡಬೇಕು? ಸಿಕ್ಕಿದ್ದನ್ನು ಅಲ್ಲೇ ಬಿಡಿ. ಅಲುಗಾಡಿಸುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆಯಿರಿ, ಪಕ್ಕದಲ್ಲಿ ಅಳತೆಗೆ ಒಂದು ಪೆನ್ನೋ ಕತ್ತಿಯೋ ಇಟ್ಟು. ಎಷ್ಟು ಅಡಿ ಆಳದಲ್ಲಿತ್ತು, ಜೊತೆಗೆ ಇದ್ದಿಲು, ಮೂಳೆ, ಕಬ್ಬಿಣ ಏನಾದರೂ ಇತ್ತಾ, ಬರೆದುಕೊಳ್ಳಿ. ಆ ಗುಂಡಿಯ ಕೆಲಸ ನಿಲ್ಲಿಸಿ ಕಂದಾಯದವರಿಗೋ ಪುರಾತತ್ವ ಇಲಾಖೆಯವರಿಗೋ ತಿಳಿಸಿ. ತೋಟ ಹೋಗಿಬಿಡುತ್ತದೆ ಅನ್ನುವ ಭಯಕ್ಕೆ ಎಷ್ಟೋ ಜನ ಬಾಯಿ ಬಿಡುವುದಿಲ್ಲ, ಆ ಭಯ ನನಗೆ ಅರ್ಥವಾಗುತ್ತದೆ. ಆದರೆ ಒಂದು ಮಡಕೆ ಚೂರು ಸಿಕ್ಕಿತು ಅಂತ ತಿಳಿಸುವುದೇ ಬೇರೆ, ಒಂದು ಜಾಗವನ್ನು ಸಂರಕ್ಷಿತ ಅಂತ ಸಾರುವುದೇ ಬೇರೆ. ಸಾರಬೇಕಾದರೆ ಸರ್ಕಾರ ಮೊದಲು ಅಧಿಸೂಚನೆ ಹೊರಡಿಸಬೇಕು, ಆಕ್ಷೇಪಣೆ ಇದ್ದರೆ ಕೇಳಬೇಕು. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ಇಂಥ ವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತೆಯೇ ಇಲ್ಲ.

ಕೋಟೆಯೊಳಗೆ ಹಳೆಯ ಸೇಂಟ್ ಮಾರ್ಕ್ಸ್ ಚರ್ಚಿನ ಕಟ್ಟಡದಲ್ಲಿರುವ ನಮ್ಮ ವಸ್ತುಸಂಗ್ರಹಾಲಯಕ್ಕೆ ಹೋದಾಗ ದೊಡ್ಡ ಕಲ್ಲುಗಳ ಮುಂದೆ ನಿಲ್ಲುವಷ್ಟೇ ಹೊತ್ತು ಸಣ್ಣ ವಸ್ತುಗಳ ಮುಂದೆಯೂ ನಿಲ್ಲಿ. ಚೀಟಿಯಲ್ಲಿ ಊರಿನ ಹೆಸರಿದೆಯಾ ನೋಡಿ.

ಇನ್ನು ಪ್ರಶ್ನೆಗಳು.

ಶಾಲೆಯ ಮೇಡಂ ಒಬ್ಬರು ಕೇಳಿದರು: "ಸರ್, ಮಣ್ಣಿನ ವಸ್ತು ಕೊಡಗಿನ ಮಳೆಗೆ ಹಾಳಾಗುವುದಿಲ್ಲವಾ? ನಮ್ಮಲ್ಲಿ ಬೀರುವಿನೊಳಗಿನ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ."

ಚೆನ್ನಾಗಿ ಸುಟ್ಟ ಮಣ್ಣು ಬರೀ ತೇವಕ್ಕೆ ಕೆಡುವುದಿಲ್ಲ. ತೊಂದರೆ ಕೊಡುವುದು ಉಪ್ಪು. ನೆಲದೊಳಗೆ ಇದ್ದಾಗ ಮಣ್ಣಿನ ಪಾತ್ರೆ ನೀರಿನ ಜೊತೆ ಉಪ್ಪಿನಂಶವನ್ನೂ ಹೀರಿಕೊಂಡಿರುತ್ತದೆ. ಮಳೆಗಾಲದ ತೇವಕ್ಕೆ ಅದು ಕರಗುತ್ತದೆ, ಬೇಸಿಗೆಯಲ್ಲಿ ಒಣಗಿ ಹರಳಾಗುತ್ತದೆ. ಹರಳು ಬೆಳೆಯುವಾಗ ಮೇಲಿನ ಪದರವನ್ನು ಒಳಗಿನಿಂದ ತಳ್ಳುತ್ತದೆ. ವರ್ಷ ವರ್ಷ ಹೀಗೇ ಆದರೆ ಹೊಳಪು ಸಿಪ್ಪೆ ಸಿಪ್ಪೆಯಾಗಿ ಉದುರುತ್ತದೆ, ಚಿತ್ರ, ಅಕ್ಷರ ಎಲ್ಲ ಅದರ ಜೊತೆಗೇ ಹೋಗುತ್ತದೆ. ಅದಕ್ಕೆ ಮ್ಯೂಸಿಯಂಗಳಲ್ಲಿ ಗಾಳಿಯ ತೇವ ವರ್ಷವಿಡೀ ಒಂದೇ ಮಟ್ಟದಲ್ಲಿ ಇರುವ ಹಾಗೆ ನೋಡಿಕೊಳ್ಳುತ್ತಾರೆ. ಬೇಕಾದರೆ ಶುದ್ಧ ನೀರಿನಲ್ಲಿ ನೆನೆಸಿ, ನೀರು ಬದಲಾಯಿಸುತ್ತಾ ಉಪ್ಪು ತೆಗೆಯುತ್ತಾರೆ. ಇದನ್ನು ಪರಿಣತರೇ ಮಾಡಬೇಕು. ಮನೆಯಲ್ಲಿ ಪ್ರಯತ್ನ ಮಾಡಬೇಡಿ.

ಕಾಲೇಜು ಹುಡುಗನೊಬ್ಬ ಕೇಳಿದ: "ಆನ್‌ಲೈನಲ್ಲಿ ರೋಮನ್ ದೀಪ ಅಂತ ಮಾರ್ತಾರೆ ಸರ್, ಅಸಲಿ ಇರುತ್ತಾ?"

ಕೆಲವು ಅಸಲಿ, ಎಷ್ಟೋ ನಕಲಿ. ಹಳೆಯ ದೀಪದ ಮೇಲೆ ಅಚ್ಚು ತೆಗೆದು ಪ್ರವಾಸಿಗರಿಗೆ ಮಾರುವ ದಂಧೆ ಇವತ್ತಿನದಲ್ಲ. ಮೂತಿಗೆ ಮಸಿ ಬಳಿದು, ಮೈಗೆ ಮಣ್ಣು ಮೆತ್ತಿ ಕೊಡುತ್ತಾರೆ. ಅಸಲಿಯೇ ಆಗಿದ್ದರೂ ಕೊಳ್ಳಬೇಡಪ್ಪಾ. ಕೊಳ್ಳುವವರು ಇರುವ ತನಕ ಯಾರೋ ಎಲ್ಲೋ ರಾತ್ರಿ ಹೊತ್ತು ಗೋರಿ ಅಗೆಯುತ್ತಿರುತ್ತಾರೆ.

ಕೊನೆಯ ಪ್ರಶ್ನೆ ಗೋಣಿಕೊಪ್ಪದ ಕಡೆಯಿಂದ ಬಂದಿದ್ದ ಹಿರಿಯರದ್ದು. "ನಮ್ಮ ಐನ್‌ಮನೆಯಲ್ಲಿ (ಕುಲದ ಮೂಲಮನೆ) ನೆಲ್ಲಕ್ಕಿ ನಡುಬಾಡೆಯ (ನಡುಮನೆ) ತೂಕ್‌ಬೊಳ್ಚ (ತೂಗುದೀಪ) ಈಗಲೂ ಹಚ್ಚುತ್ತೇವೆ. ಅಟ್ಟದ ಮೇಲೆ ಅಜ್ಜಿಯ ಕಾಲದ ಒಂದಷ್ಟು ಮಣ್ಣಿನ ಹಣತೆ ಬಿದ್ದಿವೆ. ಅವನ್ನು ಮ್ಯೂಸಿಯಂಗೆ ಕೊಡಬೇಕಾ?"

ತೂಕ್‌ಬೊಳ್ಚ ಅಲ್ಲೇ ಇರಲಿ, ಹಚ್ಚುತ್ತಾ ಇರಿ. ಅಟ್ಟದ ಹಣತೆಗಳನ್ನೂ ಈಗಲೇ ಯಾರಿಗೂ ಕೊಡಬೇಕಿಲ್ಲ. ಅವನ್ನು ತೊಳೆಯದೆ, ಒಂದೊಂದನ್ನೂ ಹತ್ತಿಬಟ್ಟೆಯಲ್ಲಿ ಸುತ್ತಿ ಮರದ ಪೆಟ್ಟಿಗೆಯಲ್ಲಿಡಿ. ಒಂದು ಹಾಳೆ ತೆಗೆದುಕೊಂಡು ನಿಮಗೆ ಗೊತ್ತಿರುವುದನ್ನು ಬರೆಯಿರಿ. ಇವನ್ನು ಮನೆಯ ಯಾವ ಮೂಲೆಯಲ್ಲಿ ಹಚ್ಚುತ್ತಿದ್ದರು, ಯಾವ ಹಬ್ಬಕ್ಕೆ, ಯಾವ ಎಣ್ಣೆ, ಬತ್ತಿ ಹೊಸೆಯುತ್ತಿದ್ದವರು ಯಾರು, ಹಣತೆ ತಂದದ್ದು ಯಾವ ಸಂತೆಯಿಂದ ಅಥವಾ ಯಾವ ಊರಿನ ಕುಂಬಾರರಿಂದ. ನಿಮಗೆ ನೆನಪಿಲ್ಲದ್ದನ್ನು ನಿಮಗಿಂತ ದೊಡ್ಡವರು ಇದ್ದರೆ ಈ ವಾರವೇ ಹೋಗಿ ಕೇಳಿ. ಹಾಳೆಗೆ ತಾರೀಕು ಹಾಕಿ, ಸಹಿ ಮಾಡಿ, ಹಣತೆಗಳ ಜೊತೆ ಅದೇ ಪೆಟ್ಟಿಗೆಯಲ್ಲಿ ಇಡಿ. ಇನ್ನೊಂದು ಪ್ರತಿ ಬೇರೆ ಕಡೆ ಇರಲಿ.